ಎರಡು ಬೆರಳಿನಷ್ಟು ಸಡಿಲ

ಬೆಳಗಿನ ಐದೂವರೆ. ಯಲಬುರ್ಗಾದ ಈ ಓಣಿಯಲ್ಲಿ ಇನ್ನೂ ಯಾರ ಅಂಗಳಕ್ಕೂ ನೀರು ಬಿದ್ದಿಲ್ಲ. ದುರುಗವ್ವ ಹೊಲಿಗೆ ಮಷಿನ್ನಿನ ಮುಂದೆ ಕೂತಿದ್ದಾರೆ, ಆದರೆ ತುಳಿಯುತ್ತಿಲ್ಲ. ತೊಡೆಯ ಮೇಲೆ ಬಿಸ್ಕೀಟಿನ ಹಳೇ ತಗಡಿನ ಡಬ್ಬಿ. ಅದರಿಂದ ಒಂದೊಂದೇ ದಾರ ತೆಗೆದು, ಎಳೆದು ನೋಡಿ, ಮತ್ತೆ ಒಳಗಿಡುತ್ತಾರೆ. ಮಲಗಿದ ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವ ಹಾಗಿದೆ ಆ ಕೈ.

ಐವತ್ತೆರಡರ ದುರುಗವ್ವ ಹೊಲಿಯುವುದು ಒಂದೇ ಬಗೆಯ ಬಟ್ಟೆ: ಒಂಬತ್ತರಿಂದ ಹನ್ನೆರಡು ವರ್ಷದ ಹುಡುಗಿಯರ ಮೊದಲ ಬ್ರಾ. ಇಲ್ಲಿ ಅದಕ್ಕೆ ಬಾಡಿ ಅನ್ನುತ್ತಾರೆ, ಅದೂ ದನಿ ತಗ್ಗಿಸಿ. ದಿನಕ್ಕೆ ಏಳೋ ಎಂಟೋ ಹೊಲಿದು, ಚೀಲಕ್ಕೆ ತುಂಬಿ, ಬಸ್ಸು ಹತ್ತಿ ಕುಷ್ಟಗಿ ಕಡೆಯ ಹಳ್ಳಿಗಳಿಂದ ಹಿಡಿದು ಗಂಗಾವತಿಯಾಚೆ ಮರಳಿಯವರೆಗೆ ಮನೆಮನೆಗೆ ಹೋಗುತ್ತಾರೆ. ಇಪ್ಪತ್ತೊಂದು ವರ್ಷದಿಂದ ಇದೇ ಕೆಲಸ. ಓಣಿಯ ಗಂಡಸರು ಅಡ್ಡಹೆಸರಿಟ್ಟು ನಕ್ಕಿದ್ದಾರೆ. ಕುರಿ ಕಾಯುವ ಗಂಡ ಅಯ್ಯಪ್ಪ ಎರಡು ವರ್ಷ ಸರಿಯಾಗಿ ಮಾತೇ ಆಡಿರಲಿಲ್ಲವಂತೆ.

"ಸಂತ್ಯಾಗ ಗಂಡಸ್ರು ಹಗ್ಗಕ್ಕ ಜೋತು ಹಾಕಿ ಮಾರ್ತಾರ್ರಿ. ತಾಯಂದ್ರು ನಾಚಿಕೊಂಡು ನೋಡದ ತಗೊಂಡು, ಉಳ್ಳಾಗಡ್ಡಿ ಕೆಳಗ ಮುಚ್ಚಿ ತರ್ತಾರ. ಬೆಳೆಯೋ ಹುಡುಗಿ ಅಂತ ಎರಡು ಸೈಜು ದೊಡ್ಡದು. ಇಲ್ಲಾ ತಮ್ಮ ಹಳೇದ ಹಿಡದು ಹೊಲದು ಹಾಕ್ತಾರ. ಆ ಕೂಸು ವರ್ಷಗಟ್ಟಲೆ ಕೆರಕೋತ ಇರತೈತಿ," ಎನ್ನುತ್ತಾರೆ ದುರುಗವ್ವ.

ಅವರದು ಹಾಗಲ್ಲ. ಮೆತ್ತನೆಯ ಹತ್ತಿ ಬಟ್ಟೆಯನ್ನು ಎರಡು ಸಲ ಒಗೆದ ಮೇಲೆಯೇ ಕತ್ತರಿ. ಚರ್ಮಕ್ಕೆ ಒತ್ತದಂತೆ ಹೊಲಿಗೆಯೆಲ್ಲ ಹೊರಮೈಗೆ. ಹುಕ್ಕಿಲ್ಲ, ತಂತಿಯಿಲ್ಲ. ಹೆಗಲ ಪಟ್ಟಿ ಅಗಲ, ಇಲಾಸ್ಟಿಕ್ಕು ಬೆನ್ನಿಗೆ ಮಾತ್ರ. ಮಗ್ಗುಲಲ್ಲಿ ಮಡಿಸಿಟ್ಟ ಬಟ್ಟೆ ಬಿಚ್ಚಿದರೆ ಇನ್ನೊಂದು ವರ್ಷಕ್ಕೆ ಸಾಕು. ತೊಟ್ಟ ಹುಡುಗಿ ಕೈ ಮೇಲೆತ್ತಬೇಕು, ಬಗ್ಗಬೇಕು, ಹೊಟ್ಟೆ ತುಂಬ ಉಸಿರು ತೆಗೆದುಕೊಳ್ಳಬೇಕು. ಎಲ್ಲಿಯಾದರೂ ಹಿಡಿಯಿತೋ, ದುರುಗವ್ವ ಮಾರುವುದಿಲ್ಲ.

ಇಷ್ಟೇ ಆಗಿದ್ದರೆ ಇವರ ಬಗ್ಗೆ ಪತ್ರಿಕೆಗೆ ನಾನು ಸುಖವಾಗಿ ಬರೆದು ಮುಗಿಸುತ್ತಿದ್ದೆ. ದಾರದ ವಿಷಯ ಬೇರೆ.

ಬೆಳೆಯುವ ಮಗುವಿಗೆ ಟೇಪು ಹಿಡಿಯಬಾರದು, ಅಂಕಿ ಬಾಯಲ್ಲಿ ಆಡಬಾರದು ಎನ್ನುವುದು ಅವರ ಮನೆತನದ ಕಟ್ಟಳೆ. "ಅಳತಿ ಹಿಡಿಯೂದು ಹೆಣದ ಕುಣಿ ತೋಡಾಕ ಅಷ್ಟ ಅಂತಿದ್ಳ್ರಿ ನಮ್ಮವ್ವ." ಹಾಗಾಗಿ ತಾಯಿಯೇ ಮಗಳ ಅಂಗಿಯ ಮೇಲಿಂದ ದಾರ ಸುತ್ತಿ, ಕೆಳಗೆ ಎರಡು ಬೆರಳು ಆಡುವಷ್ಟು ಸಡಿಲ ಬಿಟ್ಟು ಕತ್ತರಿಸಿ ಕೊಡುತ್ತಾಳೆ. ಗುರುತಿಗೆ ಅದರ ತುದಿಯಲ್ಲಿ ಹುಡುಗಿಯ ಹಳೇ ಅಂಗಿಯ ಚಿಂದಿ. ಡಬ್ಬಿಯಲ್ಲಿ ಈಗ ಇನ್ನೂರಕ್ಕೂ ಹೆಚ್ಚು ದಾರಗಳಿವೆ. ಹುಡುಗಿ ಬೆಳೆದಂತೆ ಅವೂ ಬೆಳೆಯುತ್ತವೆ ಎಂದು ಹೋದ ತಿಂಗಳು ದುರುಗವ್ವ ಹೇಳಿದಾಗ ನಾನು ನಕ್ಕಿದ್ದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಮೂರು ದಾರ ಆರಿಸಿ ಅವುಗಳ ಉದ್ದವನ್ನು ಬಾಗಿಲ ಚೌಕಟ್ಟಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ ಹೋಗಿದ್ದೆ.

ಇವತ್ತು ಹಿಡಿದು ನೋಡುತ್ತೇನೆ. ಎರಡು ದಾರ ಗುರುತನ್ನು ಕೂದಲೆಳೆಯಷ್ಟು ದಾಟಿವೆ. ನೀಲಿ ಹೂವಿನ ಚಿಂದಿಯ ಮೂರನೆಯದು ಎರಡು ಬೆರಳು ಗಿಡ್ಡವಾಗಿದೆ. ನನಗೆ ನಗು ಬರುವುದಿಲ್ಲ, ಹೆದರಿಕೆಯೇ ಆಗುತ್ತದೆ.

"ಹುಡುಗಿ ತೀರಕೊಂಡ್ರ ದಾರ ನಿಂತ ಬಿಡತೈತ್ರಿ, ಅಕ್ಕಾರ. ಎರಡು ನೋಡೀನಿ. ಗಿಡ್ಡ ಆಗಿದ್ದು ಇದ ಮೊದಲ." ದುರುಗವ್ವ ಆಗಲೇ ಕಾಲಿಗೆ ಚಪ್ಪಲಿ ಮೆಟ್ಟಿದ್ದಾರೆ. "ಇದು ತಳಕಲ್ಲಿನ ಗೀತಾಂದು. ನಡೀರಿ."

ಕುಕನೂರಿನಲ್ಲಿ ಬಸ್ಸು ಬದಲಿಸಿ ತಳಕಲ್ ತಲುಪುವಾಗ ಬಿಸಿಲು ಬಂದಿದೆ. ದಾರಿಯುದ್ದಕ್ಕೂ ಅವರು ಡಬ್ಬಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದರು. ಗೀತಾಳ ಮನೆ ಬಾಗಿಲಿಗೆ ಬೇವಿನ ಸೊಪ್ಪು, ಹೊಸ್ತಿಲ ಮೇಲೆ ಸುಟ್ಟ ಮೆಣಸಿನಕಾಯಿ. ಹನ್ನೊಂದರ ಗೀತಾ ಗೋಡೆಗೆ ಆತು ಕೂತಿದ್ದಾಳೆ. ಉಸಿರು ಮೇಲುಮೇಲಕ್ಕೇ ನಡೆದಿದೆ, ತುಟಿ ಬಿಳಚಿದೆ. ಶಾಲೆಯಲ್ಲಿ ಮೂರು ಸಲ ಬಿದ್ದಳಂತೆ. ಗಾಳಿ ಸೋಕಿದೆ ಎಂದು ಮನೆಯವರು ಇವತ್ತು ಸಂಜೆ ದೆವ್ವ ಬಿಡಿಸುವವನ ಬಳಿ ಕರೆದೊಯ್ಯುವವರಿದ್ದಾರೆ.

ದುರುಗವ್ವ ಹುಡುಗಿಯನ್ನು ಒಳಕೋಣೆಗೆ ಕರೆದೊಯ್ದು ಪರದೆ ಎಳೆಯುತ್ತಾರೆ. ಹೊರಗೆ ನನಗೂ ತಾಯಿ ಹೊಳಿಯಮ್ಮನಿಗೂ ಕೇಳುವುದು ಕತ್ತರಿಯ ಸದ್ದು. ಒಮ್ಮೆ, ಮತ್ತೊಮ್ಮೆ. ಆಮೇಲೆ ಒಂದು ಉಸಿರು, ಬಾವಿಯಿಂದ ಕೊಡ ಮೇಲೆ ಬಂದಷ್ಟು ನಿಧಾನ, ಉದ್ದ.

ದುರುಗವ್ವ ಹೊರಗೆ ತಂದು ತೋರಿಸಿದ್ದು ಅವರೇ ಹೋದ ವರ್ಷ ಹೊಲಿದ ಬಾಡಿ. ಎರಡೂ ಮಗ್ಗುಲು ಒಳಗೆ ಹಿಡಿದು ಹೊಲಿದು, ಮೇಲೆ ನಾಲ್ಕು ಪಿನ್ನು ಹಾಕಿ ಬಿಗಿದಿದೆ.

"ಯಾರು ಹೊಲದ್ರು ಇದನ್ನ?"

"ನಾನ, ದುರುಗಕ್ಕ." ಹೊಳಿಯಮ್ಮ ನೆಲ ನೋಡುತ್ತಾಳೆ. "ದೊಡ್ಡಾಕಿ ಆದಂಗ ಕಂಡ್ರ ಹೆಣ್ಣ ಕೇಳಾಕ ಬರ್ತಾರ. ಇವರಪ್ಪ ಸಾಲಿ ಬಿಡಸ್ತೀನಿ ಅಂತ ಕುಂತಾನ. ಸಣ್ಣಾಕಿ ಕಂಡ್ರ ಇನ್ನೊಂದು ನಾಕು ವರ್ಷ ಓದತಾಳಂತ ಬಿಗಿದೆ. ಗಾಳಿ ಅಂದ್ರು, ನಾನೂ ಹೂಂ ಅಂದೆ. ಬಾಯಿ ಬಿಡಾಕ ಆಗಲಿಲ್ಲ."

ಬೈಯುತ್ತಾರೆ ಅಂದುಕೊಂಡೆ. ದುರುಗವ್ವ ಬೈಯಲಿಲ್ಲ. ಚೀಲದಿಂದ ಬಟ್ಟೆ ತೆಗೆದು ಅಲ್ಲೇ ಕೂತು ಕೈಹೊಲಿಗೆ ಶುರು ಮಾಡಿದರು. ಎರಡು ಪದರ, ಮುಂದೆ ಸಡಿಲ ನೆರಿಗೆ. "ಮರೆ ಮಾಡಾಕ ಬಟ್ಟಿ ಜಾಸ್ತಿ ಹಾಕಬೇಕವಾ, ಬಿಗಿ ಮಾಡಬಾರದು. ಅವರಪ್ಪನ ಸಂಗಾಟ ನಾ ಮಾತಾಡ್ತೀನಿ. ನಾ ಹೋಗಾಕಿ ಅಲ್ಲ, ಅಂವ ಬರೂತನ ಕುಂದರತೀನಿ. ಮದ್ಲ ಕೂಸಿನ್ನ ದವಾಖಾನಿಗೆ ತೋರಸು."

ಪರದೆಯಾಚೆಯಿಂದ ಗೀತಾ ಬರುತ್ತಾಳೆ. ತುಟಿಗೆ ಸ್ವಲ್ಪ ಬಣ್ಣ ಬಂದಿದೆ. "ಮೂರು ದಿನದಿಂದ ಒಳಗ ಯಾರೋ ಎರಡು ಬಟ್ಟು ಹಾಕಿ ಬಿಗೀನ ಹೊರಗ ಜಗ್ಗಿ ಹಿಡೀತಿದ್ರು," ಎಂದು ಎರಡು ಬೆರಳು ತೋರಿಸಿ ಸಹಜವಾಗಿ, ಮಳೆ ಬಂತು ಅನ್ನುವ ಹಾಗೆ ಹೇಳುತ್ತಾಳೆ. "ಅವಾಗಷ್ಟ ಉಸರು ಆಡತಿತ್ತು."

ಆಗ ನಾನು ದುರುಗವ್ವನ ಸೂಜಿ ಹಿಡಿದ ಬಲಗೈ ನೋಡುತ್ತೇನೆ. ತೋರುಬೆರಳು, ನಡುಬೆರಳಿನ ಮೇಲೆ ಅಡ್ಡಕ್ಕೆ ಇಲಾಸ್ಟಿಕ್ಕು ಕಚ್ಚಿದ ಕೆಂಪು ಬರೆ. ತುದಿಗಳು ನೀಲಿಗಟ್ಟಿವೆ. ನಾನು ನೋಡಿದ್ದನ್ನು ಅವರು ನೋಡಿದರು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ಎಡಗೈಯಿಂದ ಹೊಲಿಯತೊಡಗಿದರು.

ಗೀತಾ ಹೊಸದನ್ನು ತೊಟ್ಟು ಕೈ ಮೇಲೆತ್ತಿ, ಬಗ್ಗಿ, ಉಸಿರು ತೆಗೆದು ತೋರಿಸಿದಳು. ಎರಡೇ ನಿಮಿಷ, ಮೈಮೇಲೆ ಏನಿದೆ ಎಂಬುದೇ ನೆನಪಿಲ್ಲದವಳಂತೆ ಶಾಲೆಯ ಪಾಟಿಚೀಲ ಹುಡುಕಲು ಎದ್ದಳು. ಇಷ್ಟು ವರ್ಷ ದುಡಿದದ್ದಕ್ಕೆ ನಿಮಗೇನು ಬೇಕು ಎಂದು ನಾನು ದುರುಗವ್ವನನ್ನು ಕೇಳುತ್ತೇನೆ. ಬರೆಯುವವರು ಕೊನೆಗೆ ಕೇಳಲೇಬೇಕಾದ ಪ್ರಶ್ನೆ ಅದು.

ಅವರು ಹುಡುಗಿಯನ್ನೇ ನೋಡುತ್ತಿದ್ದಾರೆ.

"ನೋಡ್ರಿ, ಆಗಲೇ ಮರತಾಳ. ತೊಟ್ಟಿದ್ದು ಮರತ್ರ ಹೊಲಿಗಿ ಛಲೋ ಬಂದೈತಿ ಅಂತ. ಹೊಲದಾಕಿನ್ನೂ ಮರತ ಬಿಡಲಿ, ಅಷ್ಟ ಸಾಕ್ರಿ ನನಗ."