ಕೆನ್ನೆಯ ತಗ್ಗಿಗೆ ಒಂದೇ ಸಿರಿಂಜು

ಇಪ್ಪತ್ತು ಸಾವಿರ ರೂಪಾಯಿ ಕೊಟ್ಟೆ, ಅದೂ ಒಂದೇ ಸಿರಿಂಜಿಗೆ. ಇಚಲಕರಂಜಿಯ ನಮ್ಮ ಮಗ್ಗದಿಂದ ಹಾರಿದ ಲಾಳಿ ಹರೆಯದಲ್ಲೇ ನನ್ನ ಎಡಗೆನ್ನೆಗೆ ಬಡಿದು ತಗ್ಗು ಮಾಡಿತ್ತು. ಅಂದಿನಿಂದ ಯಾವ ಫೋಟೋಕ್ಕೂ ಮುಖ ತಿರುಗಿಸಿಯೇ ನಿಂತವಳು ನಾನು. ಗಡಹಿಂಗ್ಲಜದಲ್ಲಿ ಮಗಳ ಮದುವೆ ಗೊತ್ತಾದಾಗ, ಈ ಸಲ ನೇರ ನಿಲ್ಲಬೇಕೆಂದು, ಚರ್ಮದಡಿ ಚುಚ್ಚುವ ಫಿಲ್ಲರ್ ಎಂಬ ಜೆಲ್‌ನಿಂದ ತಗ್ಗು ತುಂಬಿಸಲು ಹೊರಟೆ.

ನೂಲನ್ನು ಸಗಟಿನಲ್ಲಿ ಕೊಂಡು ಮೇಲೆ ಬಂದವಳಲ್ಲವೇ? ಕೊಲ್ಹಾಪುರದ ಚರ್ಮದ ಡಾಕ್ಟರಮ್ಮನ ಮುಂದೆ ಕುಳಿತವಳೇ ಶುರು ಮಾಡಿದೆ: "ಬಾಯಾರ, ಮೂರು ಸಿರಿಂಜು ತಗೋತೇನಿ. ಎರಡರ ರೇಟ್ ಹಚ್ಚರಿ."

"ಇದೇನ್ ನೂಲಿನ ಗಂಟೇನ್ರಿ ಅಕ್ಕಾರ?" ಎಂದು ಅವರು ನಕ್ಕರು. ನನ್ನನ್ನು ನೆಟ್ಟಗೆ ಕೂರಿಸಿ, ಮೇಲಿನ ದೀಪ ಹಚ್ಚಿ, ತಗ್ಗಿನ ಸುತ್ತ ಗೆರೆ ಎಳೆದರು. ಆಮೇಲೆ ಖಾಲಿ ಸಿರಿಂಜಿನಲ್ಲಿ ಒಂದು ಎಂಎಲ್ ನೀರು ತುಂಬಿ ಚಹಾದ ಚಮಚಕ್ಕೆ ಬಿಟ್ಟು ತೋರಿಸಿದರು. ಚಮಚದ ತಳವಷ್ಟೇ ತುಂಬಿತು.

"ಇಷ್ಟಕ್ಕ ಇಪ್ಪತ್ತು ಸಾವಿರೇನ್ರಿ!"

"ನಿಮ್ಮ ತಗ್ಗಿಗೆ ಇಷ್ಟ ಸಾಕ್ರಿ. ಜಾಸ್ತಿ ತುಂಬಿದ್ರ ಬೀಗರು ಹಲ್ಲುಬ್ಯಾನಿ ಐತೇನು ಅಂತ ಕೇಳ್ತಾರ. ಚುಚ್ಚಿದ ಬಾವು ಇಳೀಲಿ, ಎರಡು ವಾರ ಬಿಟ್ಟು ನೋಡೂಣು."

ಅವತ್ತು ಒಂದೇ ಸಿರಿಂಜು ಚುಚ್ಚಿದರು. ಎರಡು ವಾರದ ಮೇಲೆ ಇನ್ನೊಂದು ಬೇಕಾಗಲೇ ಇಲ್ಲ. ಮದುವೆಯ ಫೋಟೋದಲ್ಲಿ ಮಗಳ ಪಕ್ಕ ನೇರ ನೋಡಿ ನಗುತ್ತಿದ್ದೇನೆ.

ನೀವೂ ಹೋಗುವುದಾದರೆ ಕಲಿತ ಚರ್ಮದ ಡಾಕ್ಟರ ಹತ್ತಿರವೇ ಹೋಗಿ, ಅದೂ ಸಮಾರಂಭಕ್ಕೆ ತಿಂಗಳಿಗೂ ಮುಂಚೆ. ರೇಟು ಕೇಳುವ ಮೊದಲು ಎಷ್ಟು ಬೇಕು, ಯಾಕೆ ಬೇಕು ಎಂದು ಕೇಳಿ. ಸಿರಿಂಜಿನ ಸೀಲು ಮಾಡಿದ ಡಬ್ಬಿಯನ್ನು ನಿಮ್ಮೆದುರೇ ಒಡೆಯಲು ಹೇಳಿ. ಎರಡನೆಯ ಸಿರಿಂಜಿಗೆ ಮುಂಗಡ ಮಾತ್ರ ಕೊಡಬೇಡಿ.