ಅತ್ತೆ ಕೇಳಿದ ಆಕಾಶನೌಕೆಯ ಕಥೆ

ನಾನು ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಬೇರೆ ಲೋಕಗಳ ಕಥೆ ಓದುವುದು ಚಿಕ್ಕಂದಿನಲ್ಲೇ ಹತ್ತಿದ ಹುಚ್ಚು. ಆಕಾಶನೌಕೆ, ಮಾತಾಡುವ ಕಾಡು, ಬೆಂಕಿಯುಗುಳುವ ಡ್ರ್ಯಾಗನ್, ಎರಡು ಸೂರ್ಯರಿರುವ ಊರು, ಏನಾದರೂ ಸರಿ. ಇಂಥ ಪುಸ್ತಕಗಳ ಮುಖಪುಟ ನೋಡಿದರೆ ದೊಡ್ಡವರಿಗೆ ನಗು ಬರುತ್ತದೆ. ಒಮ್ಮೆ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ನನ್ನ ಪುಸ್ತಕ ಎತ್ತಿ ನೋಡಿ, ಮಗಳಿಗೆ ಕೊಂಡಿರಾ ಎಂದು ಕೇಳಿದರು. ಹೌದು ಎಂದುಬಿಟ್ಟೆ. ಮಗಳಿಗೆ ಇಂಥ ಕಥೆ ಕಂಡರೆ ಆಗದು. ಅಂದಿನಿಂದ ನನ್ನ ಪುಸ್ತಕಗಳಿಗೆಲ್ಲ ಬ್ರೌನ್ ಪೇಪರಿನ ಬೈಂಡ್ ಹಾಕತೊಡಗಿದೆ.

ಎರಡು ವರ್ಷದ ಹಿಂದೆ ನನ್ನ ಅತ್ತೆ ತಮ್ಮ ಊರು ಹಗರೆಯಲ್ಲಿ ಕೊಟ್ಟಿಗೆ ತೊಳೆಯುವಾಗ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಒಳಗೆ ರಾಡ್ ಕೂರಿಸಿದರು. ಎರಡು ತಿಂಗಳು ಕಾಲು ಊರುವಂತಿಲ್ಲ ಎಂದರು ಡಾಕ್ಟರು. ಹಗರೆಯ ಮನೆಯಲ್ಲಿ ಬಚ್ಚಲು ಹಿತ್ತಲಾಚೆ ಇದೆ. ಹಸುಗಳನ್ನು ಮೈದುನನಿಗೆ ಒಪ್ಪಿಸಿ, ಅತ್ತೆಯನ್ನು ನಾವು ಅರಸೀಕೆರೆಗೆ ಕರೆತಂದೆವು.

ನನಗೂ ಅತ್ತೆಗೂ ಎಂದೂ ಜಗಳ ಆಗಿರಲಿಲ್ಲ. ನಿಜವಾದ ಮಾತೂ ಆಗಿರಲಿಲ್ಲ ಎಂಬುದು ಆ ಮೊದಲ ವಾರ ನನಗೆ ಗೊತ್ತಾಯಿತು. ರಾಗಿ ಹಿಟ್ಟು ಮುಗಿಯಿತಾ, ಮಗಳ ಜ್ವರ ಬಿಟ್ಟಿತಾ, ಬಸ್ಸು ಎಷ್ಟು ಹೊತ್ತಿಗೆ, ಇಷ್ಟರಲ್ಲೇ ಹದಿನಾಲ್ಕು ವರ್ಷ ಕಳೆದಿದ್ದೆವು. ಈಗ ಒಂದೇ ಕೋಣೆಯಲ್ಲಿ ಸಂಜೆಯೆಲ್ಲ ಕೂರಬೇಕು. ಅವರು ಚಾವಣಿ ನೋಡುತ್ತಿದ್ದರು, ನಾನು ಪುಸ್ತಕ ನೋಡುತ್ತಿದ್ದೆ.

ಒಂದು ಸಂಜೆ ಓದುತ್ತಾ ಓದುತ್ತಾ ನನ್ನ ಕಣ್ಣು ತುಂಬಿತು. ಯಾರು ಹೋದರು ಎಂದು ಅತ್ತೆ ಗಾಬರಿಯಿಂದ ಕೇಳಿದರು. ಯಾರೂ ಇಲ್ಲ, ಬರೀ ಕಥೆ ಎಂದೆ. ಎಂಥ ಕಥೆ ಎಂದರು. ಅವರ ಮುಖ ನೋಡದೆಯೇ ಹೇಳಿದೆ: ನಮ್ಮ ಭೂಮಿ ಕೆಟ್ಟುಹೋಗಿದೆ, ಒಂದಷ್ಟು ಜನ ದೊಡ್ಡ ಹಡಗಿನಂಥ ವಾಹನದಲ್ಲಿ ಇನ್ನೊಂದು ನಕ್ಷತ್ರಕ್ಕೆ ಹೊರಟಿದ್ದಾರೆ, ದಾರಿ ಎಷ್ಟು ದೂರವೆಂದರೆ ಹತ್ತಿದವರಲ್ಲಿ ಬಹಳ ಜನ ತಲುಪುವುದಿಲ್ಲ, ಅವರ ಮೊಮ್ಮಕ್ಕಳು ತಲುಪುತ್ತಾರೆ. ನಗುತ್ತಾರೆಂದು ಕಾದೆ.

"ಹಂಗಾದ್ರೆ ಮೊದ್ಲಿಂದ ಹೇಳು," ಎಂದರು ಅತ್ತೆ. "ನಂಗೂ ಹೊತ್ತು ಹೋಗ್ಬೇಕಲ್ಲ."

ಪುಸ್ತಕ ಇಂಗ್ಲಿಷಿನದು. ಒಂದು ಪ್ಯಾರಾ ಮನಸ್ಸಿನಲ್ಲೇ ಓದಿಕೊಳ್ಳುವುದು, ಕನ್ನಡದಲ್ಲಿ ಹೇಳುವುದು, ಹೀಗೆ ಶುರುವಾಯಿತು. ನಾನು ಸ್ಕೂಲಿನಿಂದ ಬಂದು ಕಾಫಿ ಮಾಡಿಕೊಟ್ಟ ಮೇಲೆ ಒಂದು ಗಂಟೆ. ಕಥೆಯ ನಾಯಕಿ ಆ ನೌಕೆಯೊಳಗೆ ಪಾತಿ ಮಾಡಿ ಬೆಳೆ ಬೆಳೆಯುವ ಒಬ್ಬ ಮುದುಕಿ. ಅತ್ತೆ ಕೇಳುತ್ತಿದ್ದ ಪ್ರಶ್ನೆಗಳು ನನ್ನ ತಲೆಗೆ ಒಮ್ಮೆಯೂ ಬಂದಿರಲಿಲ್ಲ. ಹಸು ಎಷ್ಟು ಹತ್ತಿಸಿಕೊಂಡರು? ಒಂದೂ ಇಲ್ಲ ಎಂದಾಗ ಹಾಲಿಲ್ಲದ ಆ ನೌಕೆಯ ಮಕ್ಕಳ ಬಗ್ಗೆ ಲೊಚಗುಟ್ಟಿದರು. ಅಷ್ಟು ಜನರ ಕಸ, ಹೇಲು ಎಲ್ಲಿಗೆ ಹೋಗುತ್ತದೆ? ಅದನ್ನು ಲೇಖಕ ಎರಡು ಪುಟ ಬರೆದಿದ್ದ, ನಾನು ಬೇಸರವೆಂದು ಹಾರಿಸಿದ್ದೆ. ಹಿಂದೆ ತಿರುಗಿಸಿ ಓದಿ ಹೇಳಿದೆ. ಎಲ್ಲ ಕೊಳೆಸಿ ಪಾತಿಗೇ ಹಾಕುತ್ತಾರೆ ಎಂದೊಡನೆ ಅತ್ತೆಯ ಮುಖ ಅರಳಿತು.

"ಇದ ಬರ್ದೋನು ಗೊಬ್ಬರ ಕಂಡೋನು ಕಣವ್ವ," ಎಂದರು.

ಕಥೆಯ ನಡುವೆ ರುಚಿ ಬದಲಾಗಲೆಂದು ನನ್ನ ಅಚ್ಚುಮೆಚ್ಚಿನ ಡ್ರ್ಯಾಗನ್ ಕಥೆಯೊಂದನ್ನು ತೆಗೆದೆ. ಏಳು ರಾಜ್ಯ, ಮೂರು ಯುದ್ಧ, ಪುಸ್ತಕದ ಮೊದಲಲ್ಲಿ ನಕಾಶೆ. ಅತ್ತೆ ಎರಡು ದಿನ ಸಹಿಸಿಕೊಂಡರು. ಮೂರನೆಯ ದಿನ, ಮನೆಯಷ್ಟು ಎತ್ತರದ ಆ ಪ್ರಾಣಿಗೆ ಯುದ್ಧವಿಲ್ಲದ ದಿನ ಮೇವು ಹಾಕುವವರು ಯಾರು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಹಾಗಾದರೆ ಬರೆದವನಿಗೂ ಗೊತ್ತಿಲ್ಲ, ಬಿಡು ಎಂದರು. ನನಗೆ ಸಿಟ್ಟು ಬಂತು. ಆ ಪುಸ್ತಕವನ್ನು ನಾಲ್ಕು ಸಲ ಓದಿದ್ದೆ. ಅಡುಗೆಮನೆಗೆ ಹೋಗಿ ಸೊಪ್ಪು ಬಿಡಿಸುತ್ತಾ ಯೋಚಿಸಿದೆ. ಅಷ್ಟು ಪುಟಗಳಲ್ಲಿ ರಾಜರು ಉಣ್ಣುತ್ತಲೇ ಇದ್ದಾರೆ, ಬೇಯಿಸಿದವರು ಒಬ್ಬರೂ ಇಲ್ಲ. ಕಲ್ಪನೆಯೆಂದರೆ ಏನು ಬೇಕಾದರೂ ಹೇಳಬಹುದು ಎಂದುಕೊಂಡಿದ್ದ ನಾನು ಅಂದಿನಿಂದ ಹಾಗೆ ಅಂದುಕೊಳ್ಳುವುದನ್ನು ಬಿಟ್ಟೆ. ಇಲ್ಲದ ಲೋಕವನ್ನು ಕಟ್ಟುವವನಿಗೆ ಇರುವ ಲೋಕದ ಮನೆಗೆಲಸ ನಮಗಿಂತ ಚೆನ್ನಾಗಿ ಗೊತ್ತಿರಬೇಕು. ಇದು ನನ್ನ ಅಭಿಪ್ರಾಯ. ನಕಾಶೆ ಇಷ್ಟಪಡುವವರು ಒಪ್ಪಬೇಕಾಗಿಲ್ಲ.

ಮತ್ತೆ ನೌಕೆಗೆ ಮರಳಿದೆವು. ಕೊನೆಯ ಅಧ್ಯಾಯವನ್ನು ನಾನು ಮೊದಲೇ ಓದಿಕೊಂಡಿದ್ದೆ. ಹೊಸ ನೆಲ ಕಿಟಕಿಯಲ್ಲಿ ಕಾಣುವುದಕ್ಕೆ ಇನ್ನೂ ಹನ್ನೊಂದು ವರ್ಷ ಇರುವಾಗ ಆ ಮುದುಕಿ ತೀರಿಕೊಳ್ಳುತ್ತಾಳೆ. ಅದೇ ವಾರ ಅತ್ತೆಯ ಎಕ್ಸ್‌ರೇ ತೆಗೆಸಿದ್ದೆವು. ಮೂಳೆ ಕೂಡುವುದು ನಿಧಾನ, ಇನ್ನೂ ಒಂದೂವರೆ ತಿಂಗಳು ಬೇಕು ಎಂದಿದ್ದರು. ಅತ್ತೆ ಊಟ ಕಡಿಮೆ ಮಾಡಿದ್ದರು. ತಮ್ಮ ಮನೆ ಅಂಗಳದಲ್ಲಿ ಇನ್ನೊಮ್ಮೆ ನಡೆದಾಡುವುದುಂಟೋ ಇಲ್ಲವೋ ಎಂದು ಮಗನನ್ನು ಕೇಳಿದ್ದರು. ಅಂಥವರ ಮುಂದೆ ಆ ಸಾವನ್ನು ಹೇಗೆ ಓದಲಿ? ಮುದುಕಿ ಕಿಟಕಿಯ ಬಳಿ ಕೂತು ನೀಲಿ ನೆಲವನ್ನು ಕಣ್ಣಾರೆ ಕಂಡಳು, ಮೊಮ್ಮಗಳ ಕೈ ಹಿಡಿದು ಇಳಿದಳು ಎಂದು ಹೇಳಿ ಕಥೆ ಮುಗಿಸಿದೆ. ಅತ್ತೆ ಹೂಂ ಎಂದರು, ಅಷ್ಟೆ.

ಮೂರು ದಿನ ಅವರು ಬೇರೆ ಕಥೆ ಕೇಳಲಿಲ್ಲ. ನಾಲ್ಕನೆಯ ದಿನ ಭಾನುವಾರ, ಅವರ ತಲೆಗೆ ಎಣ್ಣೆ ಹಚ್ಚುತ್ತಿದ್ದೆ.

"ಆ ಮುದುಕಿ ನೆಲ ಕಾಣ್ನಿಲ್ಲ, ಅಲ್ವಾ?" ಎಂದರು.

ನನ್ನ ಕೈ ನಿಂತಿತು. ಯಾಕೆ ಹಾಗಂತೀರಿ ಅತ್ತೆ ಎಂದೆ.

"ಆವತ್ತು ನೀನು ಹಾಳೆ ತಿರುವ್ನಿಲ್ಲ ಕಣವ್ವ. ಪುಸ್ತಕ ತೊಡೆ ಮ್ಯಾಲಿಟ್ಕಂಡು ನನ್ನ ಮೊಕಾನೇ ನೋಡ್ತಾ ಹೇಳ್ದೆ."

ಸುಳ್ಳು ಒಪ್ಪಿಕೊಂಡೆ. ಅವರು ಬೈಯಲಿಲ್ಲ. ನಾನು ಎಂದೂ ಕೇಳಿರದ ಒಂದು ಸಂಗತಿ ಹೇಳಿದರು. ಅವರ ತವರು ಬೇಲೂರಿನಿಂದ ಆಚೆಯ ಹಳ್ಳಿ. ನನ್ನ ಗಂಡ ಅವರ ಎರಡನೆಯ ಮಗು. ಆ ಬಸುರಿನಲ್ಲಿ ಏಳು ತಿಂಗಳಾಗಿದ್ದಾಗ ಅವರ ತಾಯಿ ಹಾಸಿಗೆ ಹಿಡಿದರು. ತವರಿನಿಂದ ಬಂದವರೆಲ್ಲ ಅವ್ವ ಹುಷಾರಾಗಿದ್ದಾಳೆ ಎಂದೇ ಹೇಳಿದರು. ಗಂಡನ ಮನೆಯವರೂ ಹಾಗೇ ಹೇಳಿದರು. ಗಾಡಿಯ ದಾರಿ, ಹೊಟ್ಟೆಯಲ್ಲಿ ಮಗು, ಹೆದರಿದ್ದರು. ಹೆರಿಗೆಯಾಗಿ ಮೂರು ತಿಂಗಳಿಗೆ ಅತ್ತೆ ಮಗುವನ್ನೆತ್ತಿಕೊಂಡು ತವರಿಗೆ ಹೋದಾಗ ಅವ್ವನ ತಿಥಿಯೂ ಮುಗಿದು ಎಷ್ಟೋ ದಿನವಾಗಿತ್ತು. ಮನೆಯವರೆಲ್ಲ ಅತ್ತು ಮುಗಿಸಿದ್ದರು. ಇವರು ಒಬ್ಬರೇ ಅಳಬೇಕಾಯಿತು.

"ಎಲ್ರೂ ನನ್ನ ಒಳ್ಳೇದುಕ್ಕೇ ಹಂಗೆ ಹೇಳಿದ್ರು," ಎಂದರು. "ಯಾರ ಮ್ಯಾಲೂ ಸಿಟ್ಟಿಲ್ಲ. ಆದ್ರೆ ಅಳೋ ಹೊತ್ನಲ್ಲಿ ನನ್ನ ಅಳಕ್ಕೆ ಬಿಡ್ನಿಲ್ಲ. ಕತೆ ಹೆಂಗೈತೋ ಹಂಗೇ ಓದು ನೀನು."

ಕೈ ತೊಳೆದುಕೊಂಡು ಬಂದು ಪುಸ್ತಕ ತೆಗೆದೆ. ಕಣ್ಣು ಮುಚ್ಚಿ ಕೇಳಿದರು. ಪುಸ್ತಕದ ಮುದುಕಿ ಕೊನೆಯ ದಿನಗಳಲ್ಲಿ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವ ಪಾತಿಗೆ ಯಾವ ಬೀಜ, ಯಾವುದಕ್ಕೆ ನೀರು ಕಮ್ಮಿ, ಯಾವುದಕ್ಕೆ ನೆರಳು ಬೇಕು ಎಂದು ಒಂದೊಂದೇ ಹೇಳಿಕೊಡುತ್ತಾಳೆ. ಹೇಳಿ ಮುಗಿಸಿ ಮಲಗುತ್ತಾಳೆ. ಬೇರೇನೂ ಆಗುವುದಿಲ್ಲ. ಬೀಜಗಳ ಆ ಭಾಗವನ್ನು ಅತ್ತೆ ಎರಡು ಸಲ ಓದಿಸಿದರು. ಅವರ ಕಣ್ಣಿನಂಚು ಒದ್ದೆಯಾಗಿತ್ತು. ಆಮೇಲೆ, ಈಗ ಸರಿಹೋಯಿತು ಎಂದರು. ಅಂದು ರಾತ್ರಿ ಒಂದು ಮುದ್ದೆ ಪೂರ್ತಿ ಉಂಡರು.

ಸಂತೋಷದ ಮುಕ್ತಾಯವೇ ಬೇಕೆಂದು ಹಟ ಮಾಡುವವಳು ನಾನು. ನನಗೆ ಸೇರದ ಎಷ್ಟೋ ಕೊನೆಗಳನ್ನು ಮನಸ್ಸಿನಲ್ಲೇ ತಿದ್ದಿಕೊಂಡಿದ್ದೇನೆ. ನಾನು ಹೇಳಿದ ಕೊನೆಗಿಂತ ಆ ಪುಸ್ತಕದ ಕೊನೆಯೇ ಹೆಚ್ಚು ಕರುಣೆಯುಳ್ಳದ್ದು ಎಂದು ಅಂದು ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ಚಳಿಗಾಲದ ಹೊತ್ತಿಗೆ ಅತ್ತೆ ಕೋಲು ಹಿಡಿದು ನಡೆದರು. ಅವರನ್ನು ಹಗರೆಗೆ ಬಿಡಲು ಹೊರಟಾಗ ದಾರಿಯಲ್ಲಿ ಹಳೇಬೀಡಿನಲ್ಲಿ ಇಳಿದೆವು. ಅಷ್ಟು ಹತ್ತಿರದಲ್ಲಿದ್ದೂ ಅವರು ಅಲ್ಲಿನ ಹಳೆಯ ಗುಡಿಯನ್ನು ಸರಿಯಾಗಿ ನೋಡಿದ್ದು ಮದುವೆಯಾದ ಹೊಸತರಲ್ಲಿ ಒಂದೇ ಸಲವಂತೆ. ಹೊರಗೋಡೆಯ ಕೆಳಸಾಲುಗಳಲ್ಲಿ ಮಕರ ಕೆತ್ತಿದ್ದಾರೆ: ಮೊಸಳೆಯ ಬಾಯಿ, ಆನೆಯ ಸೊಂಡಿಲು, ಸಿಂಹದ ಕಾಲು, ಬಾಲವೋ ನವಿಲಿನದು. ಅತ್ತೆ ಅದರ ಮುಂದೆ ನಿಂತುಬಿಟ್ಟರು. ನನ್ನ ಕಣ್ಣು ಬಾಲದ ಮೇಲಿತ್ತು; ಅವರು ನೋಡುತ್ತಿದ್ದುದು ಕಾಲುಗಳನ್ನು. ಇಂಥದ್ದು ಎಲ್ಲೂ ಇಲ್ಲ, ಆದರೂ ಭಾರ ಹೇಗೆ ಬೀಳಬೇಕೋ ಹಾಗೇ ಬಿದ್ದಿದೆ, ಕೆತ್ತಿದವನು ಕೊಟ್ಟಿಗೆಯಲ್ಲಿ ಕೂತು ನೋಡಿದ್ದಾನೆ ಎಂದರು. ಒಬ್ಬ ಗೈಡ್ ಯಾರಿಗೋ ಏನೋ ವಿವರಿಸುತ್ತಿದ್ದ. ಅತ್ತೆಯ ಮಾತು ಕೇಳಿ ಅವನೂ ಬಗ್ಗಿ ಕಾಲು ನೋಡಿದ. ಪಕ್ಕದ ಬಸ್ತಿಹಳ್ಳಿಯ ಬಸದಿಗಳಿಗೂ ಹೋಗಬೇಕೆಂದಿದ್ದೆವು, ಅತ್ತೆಯ ಕಾಲು ಸೋತಿತು. ಹುಲ್ಲಿನ ಮೇಲೆ ಕೂತು ತಂದಿದ್ದ ಚಿತ್ರಾನ್ನ ತಿಂದೆವು.

ಈಗ ತಿಂಗಳಿಗೆ ಎರಡು ಭಾನುವಾರ ನಾನು ಹಗರೆಗೆ ಹೋಗುತ್ತೇನೆ. ಡೈರಿಗೆ ಹಾಲು ಹಾಕಿ ಬಂದ ಮೇಲೆ ಅತ್ತೆ ಜಗುಲಿಯಲ್ಲಿ ಕೂರುತ್ತಾರೆ, ನಾನು ಓದಿ ಹೇಳುತ್ತೇನೆ. ಕೆಲವೊಮ್ಮೆ ನಡುವೆ ನಿದ್ದೆ ಹೋಗುತ್ತಾರೆ, ಎದ್ದು ಎಲ್ಲಿಗೆ ಬಂತು ಎಂದು ಕೇಳುತ್ತಾರೆ. ಎಲ್ಲದರಲ್ಲೂ ನಮಗೆ ಹೊಂದಿಕೆಯಿಲ್ಲ. ಕಾಲದಲ್ಲಿ ಹಿಂದಕ್ಕೆ ಹೋಗುವ ಕಥೆಗಳೆಂದರೆ ನನಗೆ ಪ್ರಾಣ, ಅವರಿಗೆ ತಲೆನೋವು. ಈ ತಿಂಗಳು ಒಂದು ರೋಬೋಟಿನ ಕಥೆ ಹಿಡಿದಿದ್ದೇವೆ. ತಾಯಿಯಿಲ್ಲದ ಕೂಸೊಂದನ್ನು ಅದು ಸಾಕುತ್ತಿದೆ. ಯಂತ್ರಕ್ಕೆ ಮಮತೆ ಹುಟ್ಟುವುದಿಲ್ಲವೆಂದು ನಾನು ಆಗಲೇ ತೀರ್ಮಾನಕ್ಕೆ ಬಂದು, ಲೇಖಕ ಕಣ್ಣೀರು ತರಿಸಲು ಹೊರಟಿದ್ದಾನೆಂದು ದೂರಿದೆ. ಅತ್ತೆ ನನ್ನನ್ನು ತಡೆದರು.

"ಆತುರ ಪಡ್ಬ್ಯಾಡ," ಎಂದರು. "ಅದಿನ್ನೂ ಈಗ ತಾನೆ ಕೂಸ್ನ ಎತ್ಕಳಕ್ಕೆ ಕಲೀತಾ ಐತೆ."

ಆರನೆಯ ಅಧ್ಯಾಯಕ್ಕೆ ಹಾಳೆ ಮಡಚಿಟ್ಟು ನಾನು ಬಸ್ಸಿಗೆ ಹೊರಟೆ.