ಮರಳುಗಾಡಿನಲ್ಲಿ ಷಡ್ಡಕನ ಕಂಬಳಿ

ಕೂಡ್ಲಿಗಿಯಲ್ಲಿ ಮೂವತ್ತು ವರ್ಷ ಭೂಗೋಳ ಪಾಠ ಮಾಡಿದ ನಾನು ಹವಾಮಾನದ ವಿಷಯದಲ್ಲಿ ಯಾರ ಮಾತನ್ನೂ ಕೇಳುವವನಲ್ಲ. ಹೋದ ವರ್ಷ ಹೋಳಿಯ ಹೊತ್ತಿಗೆ ಜೈಸಲ್ಮೇರಿಗೆ ಪ್ರವಾಸ ಹೊರಟಾಗ ಎಲ್ಲರ ಚೀಲ ಬಿಚ್ಚಿಸಿ, ಸ್ವೆಟರು ಕೊಡೆಗಳನ್ನು ಖುದ್ದಾಗಿ ತೆಗೆಸಿದೆ. ಫಾಲ್ಗುಣದಲ್ಲಿ ಮರಳುಗಾಡಿಗೆ ಮಳೆ ಬರುವುದೆಂದರೆ ಅದು ಪಠ್ಯಪುಸ್ತಕಕ್ಕೆ ಮಾಡುವ ಅವಮಾನ ಎಂದು ತೀರ್ಪನ್ನೂ ಕೊಟ್ಟೆ.

ಹೊರಟವರು ನಾಲ್ವರು: ನಾನು, ನನ್ನ ಹೆಂಡತಿ, ಅವಳ ಅಕ್ಕ, ಅಕ್ಕನ ಗಂಡ. ಈ ನನ್ನ ಷಡ್ಡಕ ಗುಡೇಕೋಟೆಯಲ್ಲಿ ಕುರಿ ಸಾಕುವವನು. ಮದುವೆಯಾದಾಗಿನಿಂದ ನನ್ನ ಹೆಂಡತಿ ಪ್ರತಿಯೊಂದಕ್ಕೂ ಈ ಅಕ್ಕನ ಗಂಡನನ್ನೇ ಮುಂದೆ ಮಾಡಿ "ಮಾವಗ ತಿಳೀತೈತಿ" ಅನ್ನುತ್ತಾಳೆ. "ನಿಮಗ ತಿಳೀತೈತಿ" ಅಂದದ್ದು ನನಗೆ ನೆನಪಿಲ್ಲ. ಮರಳ ದಿಬ್ಬದ ಮೇಲೆ ಸೂರ್ಯಾಸ್ತ ತೋರಿಸಿ, ಈ ಸಲವಾದರೂ ಆ ಮಾತನ್ನು ಸಂಪಾದಿಸಬೇಕೆಂದು ನಿಶ್ಚಯಿಸಿದ್ದೆ.

ದಿಬ್ಬಗಳ ಹತ್ತಿರ ಜೀಪು ನಿಂತದ್ದೇ ತಡ, ಆಲಿಕಲ್ಲು ಬಿತ್ತು. ಬೆನ್ನಿಗೇ ಮಳೆ, ಮೈ ಕೊರೆಯುವ ಗಾಳಿ. ಹೆಂಡತಿ ಸೆರಗು ಹೊದ್ದು ನನ್ನನ್ನೇ ನೋಡಿದಳು. ಆಗ ಷಡ್ಡಕ ಸೀಟಿನ ಕೆಳಗಿನಿಂದ ಕರಿ ಕಂಬಳಿಯೊಂದನ್ನು ಎಳೆದ.

"ಇದನ್ನ ಯಾವಾಗ ತುರುಕಿದ್ರಿ?" ಎಂದೆ.

"ನೀವು ಚೀಲ ಜಾಲಾಡೋವಾಗ ಇದರ ಮ್ಯಾಲೇ ಕುಂತಿದ್ದೆ ಮೇಷ್ಟ್ರೇ. ಕುರಿಯೋರು ಕಂಬಳಿ ಬಿಟ್ಟು ಹೊಸ್ತಿಲು ದಾಟಂಗಿಲ್ಲ. ಬರ್ರಿ, ದಿಬ್ಬ ಹತ್ತೋಣ, ನಾಕು ಮಂದಿ ಹಿಡಿಸ್ತೈತಿ."

"ನೀವು ಹೋಗಿ ಬರ್ರಿ. ನನಗೇನು ಚಳಿ ಇಲ್ಲ," ಎಂದೆ, ಹಲ್ಲು ಕಟಕಟಿಸದಂತೆ ದವಡೆ ಬಿಗಿಹಿಡಿದು.

"ಅವರಿಗೆ ಹೊಟ್ಟಿ ಉರಿಯಾಗಿ ಮೈ ಬೆಚ್ಚಗೈತಿ, ಬಿಡ್ರಿ ಮಾವಾ," ಎಂದಳು ಹೆಂಡತಿ.

ಒಂದೇ ಕಂಬಳಿಯ ಕೆಳಗೆ ಮೂವರೂ ಆರು ಕಾಲಿನ ಪ್ರಾಣಿಯಂತೆ ದಿಬ್ಬ ಏರಿದರು. ನಾನು ಕಿಟಕಿಯ ಗಾಜು ಒರೆಸುತ್ತ ಜೀಪಿನಲ್ಲೇ ಕುಳಿತೆ. ಮೇಲಿನಿಂದ ನಗು ಕೇಳುತ್ತಿತ್ತು. ಅಷ್ಟೊಂದು ನಗುವಂಥದ್ದು ಒದ್ದೆ ಮರಳಿನಲ್ಲಿ ಏನಿರುತ್ತದೋ!

ಇಳಿದು ಬಂದಾಗ ಹೆಂಡತಿಯ ಮುಖ ಅರಳಿತ್ತು. ಮಳೆ ತಟ್ಟನೆ ನಿಂತು ಮೋಡದ ಸಂದಿಯಲ್ಲಿ ಸೂರ್ಯ ಇಣುಕಿದನಂತೆ. ಮರಳಿನ ಮೇಲೆ ಹರಡಿದ್ದ ಆಲಿಕಲ್ಲೆಲ್ಲ ಕೆಂಪಗೆ ಹೊಳೆಯಿತಂತೆ. "ನೀವು ಬರಬೇಕಿತ್ರಿ," ಎಂದಳು, ಮನಸಾರೆ. ಅಣಕಿಸಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

ಈಗ ಓಣಿಯವರು ಬಂದು ಕೇಳಿದಾಗಲೆಲ್ಲ ಅವಳು ಆ ಸೂರ್ಯಾಸ್ತವನ್ನು ವರ್ಣಿಸುತ್ತಾಳೆ. ನಾನು ಪಕ್ಕದಲ್ಲಿ ಕುಳಿತು, ಕಣ್ಣಾರೆ ಕಂಡವನ ಗಾಂಭೀರ್ಯದಿಂದ ತಲೆಯಾಡಿಸುತ್ತೇನೆ. ನಾನು ಜೀಪಿನಲ್ಲಿದ್ದೆನೆಂದು ಅವಳು ಇದುವರೆಗೂ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.